ಒಂಟೆಯ ಪಾಲಿನ ನೀರು

ಅಜ್ಜಂಪುರವನ್ನು ಬಿಟ್ಟು ಜಿದ್ದಾ ನಗರಕ್ಕೆ ಬಂದು ನನಗೆ ಹನ್ನೊಂದು ವರ್ಷಗಳಾದವು. ಈ ಅವಧಿಯಲ್ಲಿ ಅಲ್ಲಾಹನ ಅನುಗ್ರಹದಿಂದ ಹಲವು ಸಲ ಉಮ್ರಾ ನಿರ್ವಹಿಸುವ ಭಾಗ್ಯ ದೊರೆಯಿತು. ಆದರೆ ವಿಹಾರಕ್ಕೆಂದು ಹೊರಟದ್ದು ಬಹಳ ಅಪರೂಪ. ಪರದೇಶದಲ್ಲಿ ದುಡಿಯುವವನ ರಜೆಯೆಂದರೆ ಬಟ್ಟೆ ಒಗೆಯುವುದು, ನಿದ್ದೆ ಮಾಡುವುದು, ಊರಿಗೆ ಫೋನ್ ಮಾಡುವುದು, ಇಷ್ಟೇ. ಹೀಗಿರುವಾಗ ಒಂದು ಈದುಲ್ ಫಿತ್ರ್ ರಜೆಯಲ್ಲಿ ಗೆಳೆಯರೆಲ್ಲ ಸೇರಿ ಅಲ್ ಉಲಾ ನೋಡಿ ಬರಲು ನಿರ್ಧರಿಸಿದೆವು. ಭಟ್ಕಳದವರೊಬ್ಬರು, ಉಳ್ಳಾಲದವರೊಬ್ಬರು, ತರೀಕೆರೆಯ ತರುಣನೊಬ್ಬ ಮತ್ತು ನಾನು, ಹೀಗೆ ನಾಲ್ವರು ಒಂದೇ ಕಾರಿನಲ್ಲಿ ಹೊರಟೆವು.

ಮದೀನಾದಲ್ಲಿ ಮಸ್ಜಿದುನ್ನಬವಿಯಲ್ಲಿ ನಮಾಝ್ ನಿರ್ವಹಿಸಿ ಉತ್ತರದ ಹಾದಿ ಹಿಡಿದೆವು. ಅಲ್ಲಿಂದ ಅಲ್ ಉಲಾ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರ. ಕಪ್ಪು ಕಲ್ಲಿನ ಬಯಲು ಮುಗಿದು ಮರಳುಗಲ್ಲಿನ ಕೆಂಪು ಬೆಟ್ಟಗಳು ಕಾಣತೊಡಗಿದಾಗ ತರೀಕೆರೆಯ ತರುಣ, "ಅಣ್ಣಾ, ಕೆಮ್ಮಣ್ಣುಗುಂಡಿಯ ಮಣ್ಣಿನ ಬಣ್ಣವೇ ಇಲ್ಲಿದೆ, ಕಾಡೊಂದಿಲ್ಲ" ಎಂದನು. ಎಲ್ಲಿಗೆ ಹೋದರೂ ಮನುಷ್ಯನು ತನ್ನ ಊರನ್ನೇ ಹುಡುಕುತ್ತಾನೆ.

ಅಲ್ ಉಲಾದ ಸಮೀಪದಲ್ಲಿಯೇ ಹಿಜ್ರ್ ಇದೆ. ಮದಾಯಿನ್ ಸಾಲಿಹ್ ಎಂಬುದು ಅದರ ಇನ್ನೊಂದು ಹೆಸರು. ಪವಿತ್ರ ಕುರ್‌ಆನಿನ ಹದಿನೈದನೆಯ ಅಧ್ಯಾಯಕ್ಕೆ ಈ ಸ್ಥಳದ ಹೆಸರೇ ಇದೆ. ಬೆಟ್ಟಗಳನ್ನು ಕೊರೆದು ಮನೆಗಳನ್ನು ನಿರ್ಮಿಸಿ ನಿರ್ಭೀತರಾಗಿ ಬಾಳುತ್ತಿದ್ದ ಸಮೂದ್ ಜನಾಂಗದ ಬಳಿಗೆ ಪ್ರವಾದಿ ಸಾಲಿಹ್(ಅ) ಕಳುಹಿಸಲ್ಪಟ್ಟರು. ಹಿಂದಿನ ರಾತ್ರಿ ಕೋಣೆಯಲ್ಲಿ ಊಟಕ್ಕೆ ಕುಳಿತಾಗ ಉಳ್ಳಾಲದ ಗೆಳೆಯರು ಮೆಲ್ಲನೆ ಮಾತು ತೆಗೆದರು. ಹಿಜ್ರಿ 9ರಲ್ಲಿ ತಬೂಕ್‌ಗೆ ತೆರಳುವಾಗ ಪ್ರವಾದಿ ಮುಹಮ್ಮದ್(ಸ) ಈ ದಾರಿಯಾಗಿ ಹಾದುಹೋದರು. ಶಿಕ್ಷೆಗೊಳಗಾದವರ ನೆಲೆಯನ್ನು ಅಳುತ್ತಲೇ ಹೊರತು ಪ್ರವೇಶಿಸಬಾರದೆಂದು ಸಹಾಬಿಗಳಿಗೆ ತಿಳಿಸಿ, ತಲೆಯನ್ನು ಮುಚ್ಚಿಕೊಂಡು ಆ ಕಣಿವೆಯನ್ನು ಬೇಗಬೇಗನೆ ದಾಟಿದರು. "ಅಳಲಾರದವನು ಹೋಗಬಾರದು. ನನ್ನ ಹೃದಯ ಅಷ್ಟು ಮೃದುವಾಗಿಲ್ಲ. ನೀವು ಹೋಗಿಬನ್ನಿ" ಎಂದು ಅವರು ಹೇಳಿದರು. ಪಾಠ ಕಲಿಯುವ ಉದ್ದೇಶದಿಂದ ಹೋಗಬಹುದೆಂಬ ಅಭಿಪ್ರಾಯವೂ ವಿದ್ವಾಂಸರಲ್ಲಿ ಇದೆಯೆಂದು ಭಟ್ಕಳದವರು ವಾದಿಸಿದರು. ಕೊನೆಗೆ ಮೂವರು ಹೋಗುವುದೆಂದೂ ಅವರೊಬ್ಬರು ಕೋಣೆಯಲ್ಲಿಯೇ ಉಳಿಯುವುದೆಂದೂ ತೀರ್ಮಾನವಾಯಿತು. ನಿಜ ಹೇಳಬೇಕೆಂದರೆ, ನಾನು ಹೊರಟದ್ದು ಪಾಠ ಕಲಿಯಲೆಂದಲ್ಲ. ಟಿಕೆಟ್‌ಗೆ ಆಗಲೇ ಹಣ ತೆತ್ತಾಗಿತ್ತು.

ಮರುದಿನ ಬಸ್ಸಿನಿಂದ ಇಳಿದು ಆ ಸ್ಮಾರಕಗಳನ್ನು ಕಂಡಾಗ ಬೆರಗಾದೆ. 2008ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಸೌದಿ ಅರೇಬಿಯಾದ ಮೊದಲ ತಾಣವಿದು. ಬಂಡೆಯಲ್ಲಿ ಕೊರೆದ 111 ಸಮಾಧಿಗಳು ಇಲ್ಲಿವೆ. ಅವುಗಳಲ್ಲಿ 94 ಕೆತ್ತನೆಯಿಂದ ಅಲಂಕೃತವಾದವು. ಇಂದು ಕಾಣುವ ಇವು ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ನಬಾತಿಯರು ಕೆತ್ತಿಸಿದವು. ಸಮೂದರ ಹೆಸರು ಅದಕ್ಕೂ ಹಳೆಯದು. ಒಂಟಿ ಬಂಡೆಯಲ್ಲಿ ಕೆತ್ತಿದ ಕಸ್ರುಲ್ ಫರೀದ್‌ನ ಮೇಲ್ಭಾಗ ನಯವಾಗಿದ್ದು, ಬುಡ ಮಾತ್ರ ಒರಟಾಗಿಯೇ ಉಳಿದಿದೆ. ಮೇಲಿನಿಂದ ಕೆಳಕ್ಕೆ ಕೆತ್ತುತ್ತ ಬಂದವರು ನಡುವೆಯೇ ಕೈಬಿಟ್ಟಿದ್ದಾರೆ. ಹಲವು ಸಮಾಧಿಗಳ ಬಾಗಿಲ ಮೇಲೆ ಶಾಸನಗಳಿವೆ. ಇದು ಇಂಥವನದು, ಇವನ ಮಕ್ಕಳಿಗೆ ಸೇರಿದ್ದು, ಇದನ್ನು ಮಾರಿದವನಿಗೆ ಶಾಪ ಮತ್ತು ದಂಡ ಎಂಬ ಅರ್ಥದ ಬರಹಗಳವು. ಒಳಗೆ ಇಣುಕಿದರೆ ಮರಳು ಮತ್ತು ಕತ್ತಲೆಯ ಹೊರತು ಏನೂ ಇಲ್ಲ. ಕಲ್ಲಿನ ಮೇಲೆ ಒಡೆತನವನ್ನು ಬರೆಸಿದವರು ಎಲ್ಲಿ ಹೋದರು? ಆದರೂ ನಾನು ಎಲ್ಲರಂತೆ ಫೋಟೋ ತೆಗೆಸಿಕೊಳ್ಳುತ್ತಲೇ ಇದ್ದೆ.

ಮಾರ್ಗದರ್ಶಕರು ಬಾವಿಯ ಪ್ರಸ್ತಾಪವನ್ನೆತ್ತಿದಾಗ ನನ್ನ ಕೈ ತಾನಾಗಿಯೇ ತಗ್ಗಿತು. ಈ ಊರಿನಲ್ಲಿ ನೂರಕ್ಕೂ ಹೆಚ್ಚು ಬಾವಿಗಳಿದ್ದವೆಂದೂ ಮಳೆಯಿಲ್ಲದ ಈ ನೆಲವು ಬಾವಿಗಳಿಂದಲೇ ಬದುಕಿತೆಂದೂ ಅವರು ವಿವರಿಸಿದರು. ಸಾಲಿಹರ(ಅ) ಒಂಟೆಯ ಕಥೆ ನಮಗೆಲ್ಲ ಬಾಲ್ಯದಿಂದ ಗೊತ್ತು. ಅದು ಅಲ್ಲಾಹನ ಒಂಟೆ, ಅವನ ಭೂಮಿಯಲ್ಲಿ ಅದು ಮೇಯಲಿ, ನೀರು ಒಂದು ದಿನ ಅದಕ್ಕೆ, ಒಂದು ದಿನ ನಿಮಗೆ ಎಂಬುದಾಗಿತ್ತು ಪರೀಕ್ಷೆ. ಆ ಜನಾಂಗಕ್ಕೆ ಬಂದ ಪರೀಕ್ಷೆ ಯುದ್ಧದ್ದಲ್ಲ, ಸಂಪತ್ತಿನದ್ದಲ್ಲ; ಒಂದು ಮೂಕಪ್ರಾಣಿಯೊಂದಿಗೆ ನೀರನ್ನು ಹಂಚಿಕೊಳ್ಳುವ ಪರೀಕ್ಷೆ. ಅದರಲ್ಲಿಯೇ ಅವರು ಸೋತರು. ಒಂಟೆಯನ್ನು ಕಡಿದವನು ಒಬ್ಬನೇ. ಆದರೆ ಕುರ್‌ಆನ್ ಆ ಅಪರಾಧವನ್ನು ಅವರೆಲ್ಲರ ಮೇಲೆಯೂ ಹೊರಿಸುತ್ತದೆ. ಏಕೆಂದರೆ ಉಳಿದವರು ಒಪ್ಪಿಕೊಂಡಿದ್ದರು.

ಆ ಕ್ಷಣದಲ್ಲಿ ನನ್ನ ಕಣ್ಣ ಮುಂದೆ ನಿಂತದ್ದು ನಮ್ಮ ಹೊಲದ ಕಲ್ಲಿನ ಬಾನಿ.

ಅಜ್ಜಂಪುರ ದನಗಳ ನಾಡು. ಹೈದರಾಲಿಯ ಸೇನೆಯ ಸಾಮಗ್ರಿಗಳನ್ನು ಎಳೆದ, ಟಿಪ್ಪು ಸುಲ್ತಾನರು ಅಮೃತಮಹಲ್ ಎಂಬ ಹೆಸರಿಟ್ಟ ತಳಿಯ ಸಂವರ್ಧನಾ ಕೇಂದ್ರ ಇಂದಿಗೂ ನಮ್ಮೂರಿನಲ್ಲಿದೆ. ಅದಕ್ಕೂ ಮೊದಲು ಮೈಸೂರು ಅರಸರ ಕಾಲದಲ್ಲಿ ಅದು ಬೆಣ್ಣೆ ಚಾವಡಿಯಾಗಿತ್ತು. ದನಗಳು ಮೇಯಲೆಂದೇ ಆಳುವವರು ಕಾವಲುಗಳನ್ನು ಬಿಟ್ಟಿದ್ದ ಸೀಮೆಯಿದು. ಅಜ್ಜನ ಕಾಲದ ನಮ್ಮ ತೆರೆದ ಬಾವಿಯ ಪಕ್ಕದಲ್ಲಿ ಆ ಬಾನಿ ಇತ್ತು. ಸಂಜೆ ಮೇವು ಮುಗಿಸಿ ಮರಳುವ ಯಾರದೇ ದನಗಳಾದರೂ ಅಲ್ಲಿ ನೀರು ಕುಡಿದು ಮುಂದೆ ಸಾಗುತ್ತಿದ್ದವು. ಯಾರೂ ಯಾರನ್ನೂ ಕೇಳುತ್ತಿರಲಿಲ್ಲ.

ನಾನು ಜಿದ್ದಾದಿಂದ ಕಳುಹಿಸಿದ ಹಣದಲ್ಲಿ ಕೊಳವೆಬಾವಿ ಕೊರೆಸಿದೆವು. ರಾಗಿ, ಈರುಳ್ಳಿ ಬೆಳೆಯುತ್ತಿದ್ದ ಹೊಲಕ್ಕೆ ಅಡಿಕೆ ಸಸಿಗಳು ಬಂದವು. ಸಸಿಗಳ ರಕ್ಷಣೆಗೆ ತಂತಿಬೇಲಿ ಬಂತು. ತೆರೆದ ಬಾವಿ ಬತ್ತಿತು, ಬಾನಿ ಬೇಲಿಯೊಳಗೆ ಸೇರಿತು. ಪಕ್ಕದ ಹೊಲದ ಹಿರಿಯರೊಬ್ಬರಲ್ಲಿ ಎರಡು ನಾಟಿ ಹಸುಗಳಿದ್ದವು. ನಾನು ಅವರನ್ನು ದೊಡ್ಡಪ್ಪ ಎಂದೇ ಕರೆಯುತ್ತಾ ಬೆಳೆದವನು. ಬೇಸಗೆಯಲ್ಲೊಂದು ದಿನ ಅವರು ಅಬ್ಬಾರ ಬಳಿಗೆ ಬಂದು, "ಸಾಬ್ರೇ, ಬೇಲಿಯಾಚೆಗೆ ಒಂದು ಪೈಪು ಬಿಡಿ, ದನಗಳಿಗೆ ಸಾಕು" ಎಂದು ಕೇಳಿದ್ದರು. ಅಬ್ಬಾ ನನಗೆ ಫೋನ್ ಮಾಡಿದರು. "ಕರೆಂಟ್ ಇರುವುದೇ ಕೆಲವು ಗಂಟೆ ಅಬ್ಬಾ, ಗಿಡಗಳಿಗೇ ನೀರು ಸಾಲದು. ಒಬ್ಬರಿಗೆ ಬಿಟ್ಟರೆ ಎಲ್ಲರೂ ಬರುತ್ತಾರೆ" ಎಂದು ನಾನು ಉತ್ತರಿಸಿದ್ದೆ. ಅವರು ಮರುಮಾತಾಡಲಿಲ್ಲ. ದುಡ್ಡು ಕಳುಹಿಸುವ ಮಗನ ಮಾತಿಗೆ ತಂದೆ ಎದುರಾಡುವುದಿಲ್ಲವೆಂಬುದು ಪರದೇಶದಲ್ಲಿರುವ ನಮಗೆಲ್ಲ ಗೊತ್ತಿರುವ ಸತ್ಯ. ಆ ಮೌನವನ್ನು ನಾನು ಒಪ್ಪಿಗೆಯೆಂದು ಭಾವಿಸಿದೆ. ಬೇಲಿ ಹಾಕಿದ ಕೈ ನನ್ನದಲ್ಲ. ಆದರೆ ಒಪ್ಪಿದ ನಾಲಿಗೆ ನನ್ನದು.

ಸಂಜೆ ಕೋಣೆಗೆ ಮರಳಿದಾಗ ಉಳ್ಳಾಲದ ಗೆಳೆಯರು ಚಹಾ ಸಿದ್ಧಪಡಿಸಿ ಕಾದಿದ್ದರು. ನಾನು ಎಲ್ಲವನ್ನೂ ಹೇಳಿಕೊಂಡೆ. ಅವರು ಉಪದೇಶಿಸಲಿಲ್ಲ. ತಬೂಕ್‌ನ ಆ ಪ್ರಯಾಣದ ಇನ್ನೊಂದು ಸಂಗತಿಯನ್ನು ಮಾತ್ರ ನೆನಪಿಸಿದರು. ಹಿಜ್ರ್‌ನ ಬಾವಿಗಳಿಂದ ಸೇದಿದ ನೀರನ್ನು ಚೆಲ್ಲಿಬಿಡಲು, ಆ ನೀರಿನಲ್ಲಿ ಕಲಸಿದ ಹಿಟ್ಟನ್ನು ಒಂಟೆಗಳಿಗೆ ತಿನ್ನಿಸಲು ಪ್ರವಾದಿಯವರು(ಸ) ಆದೇಶಿಸಿದರು. ಒಂದು ಬಾವಿಯಿಂದ ಮಾತ್ರ ನೀರು ತೆಗೆದುಕೊಳ್ಳುವಂತೆ ತಿಳಿಸಿದರು. ಅದು ಸಾಲಿಹರ(ಅ) ಒಂಟೆ ನೀರು ಕುಡಿಯುತ್ತಿದ್ದ ಬಾವಿ. ಮನುಷ್ಯರು ತಮಗೆಂದೇ ಇಟ್ಟುಕೊಂಡ ನೀರು ಚೆಲ್ಲಲ್ಪಟ್ಟಿತು, ಪ್ರಾಣಿಗೆ ಬಿಟ್ಟ ನೀರು ಕುಡಿಯಲು ಯೋಗ್ಯವಾಗಿ ಉಳಿಯಿತು. ನೀರು, ಹುಲ್ಲು ಮತ್ತು ಬೆಂಕಿಯಲ್ಲಿ ಜನರೆಲ್ಲರಿಗೂ ಪಾಲಿದೆಯೆಂಬ ಪ್ರವಾದಿವಚನವನ್ನು ನಾನು ಎಷ್ಟೋ ಖುತ್ಬಾಗಳಲ್ಲಿ ಕೇಳಿದ್ದೆ. ಅದು ನನ್ನ ಕೊಳವೆಬಾವಿಗೂ ಅನ್ವಯಿಸುತ್ತದೆಯೆಂದು ಹೊಳೆದಿರಲಿಲ್ಲ. ಹಿಜ್ರ್‌ನಲ್ಲಿ ಬಾರದ ಕಣ್ಣೀರು ಆ ಕೋಣೆಯಲ್ಲಿ ಬಂತು.

ಅಂದು ರಾತ್ರಿಯೇ ಅಬ್ಬಾರಿಗೆ ಫೋನ್ ಮಾಡಿ, ಬೇಲಿಯನ್ನು ಹಿಂದಕ್ಕೆ ಸರಿಸಿ ಬಾನಿಗೆ ಪೈಪು ಹಾಕಿಸಲು ಕೇಳಿಕೊಂಡೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಕಿಸೋಣ ಬೇಟಾ. ಆದರೆ ಅವರು ಹಸುಗಳನ್ನು ಹೋದ ಬೇಸಗೆಯಲ್ಲೇ ಮಾರಿಬಿಟ್ಟರು" ಎಂದರು.

ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಮೊದಲು ಅವರ ಮನೆಗೆ ಹೋದೆ. "ದೊಡ್ಡಪ್ಪ, ತಪ್ಪು ನನ್ನದು. ಅಬ್ಬಾರದ್ದಲ್ಲ" ಎಂದೆ. ಅವರು ಜಗಲಿಯ ಮೇಲೆ ಜಾಗ ತೋರಿಸಿ ಕುಳ್ಳಿರಿಸಿದರು. "ನಿಮ್ಮಪ್ಪ ಆವತ್ತೇ ಹೇಳಿದ್ರು ಮಗಾ, ಬೇಡ ಅಂದವನು ನಾನೇ ಅಂತ" ಎಂದರು. ಅಬ್ಬಾ ನನ್ನ ಪಾಪವನ್ನು ತಮ್ಮ ಹೆಸರಿಗೆ ಬರೆಸಿಕೊಂಡು ಅಷ್ಟು ದಿನ ಆ ಮನುಷ್ಯನ ಮುಖ ನೋಡಿದ್ದರು. ಆ ಮಾತು ನನ್ನನ್ನು ಹಿಜ್ರ್‌ನ ಯಾವ ಬಂಡೆಗಿಂತಲೂ ಹೆಚ್ಚಾಗಿ ನಡುಗಿಸಿತು.

ದೊಡ್ಡಪ್ಪ ಮತ್ತೆ ಹಸು ಕಟ್ಟಲಿಲ್ಲ. ವಯಸ್ಸಾಯಿತು ಎಂದರು. ಬಾನಿಯಲ್ಲಿ ಈಗ ನೀರಿದೆ. ಬೇರೆಯವರ ದನಗಳು ಬಂದು ಕುಡಿಯುತ್ತವೆ. ಅಡಿಕೆ ಗಿಡಗಳೇನೂ ಒಣಗಲಿಲ್ಲ, ಅಲ್‌ಹಮ್ದುಲಿಲ್ಲಾಹ್. ಪಶ್ಚಾತ್ತಾಪ ಪಟ್ಟವನಿಗೆ ಅಲ್ಲಾಹನ ಕ್ಷಮೆಯ ಬಾಗಿಲು ತೆರೆದಿದೆಯೆಂಬುದರಲ್ಲಿ ಸಂಶಯವಿಲ್ಲ. ಆದರೆ ಮಾರಿಹೋದ ಹಸುಗಳು ತೌಬಾ ಮಾಡಿದ ಮಾತ್ರಕ್ಕೆ ಹಟ್ಟಿಗೆ ಮರಳುವುದಿಲ್ಲ.

ಪ್ರಿಯ ಸಹೋದರರೇ, ಭೂಮಿಯಲ್ಲಿ ಸಂಚರಿಸಿ ಹಿಂದಿನವರ ಪರಿಣಾಮವನ್ನು ನೋಡಬೇಕೆಂದು ಕುರ್‌ಆನ್ ನಮ್ಮನ್ನು ಮತ್ತೆ ಮತ್ತೆ ಕರೆಯುತ್ತದೆ. ರಜೆಯಲ್ಲಿ ಗೆಳೆಯರೊಂದಿಗೆ ಹೋಗಿರಿ, ನೋಡಿರಿ, ಸಂತೋಷಪಡಿರಿ. ಅಲ್ಲಿಂದ ಮರಳಿದ ಮೇಲೆ ಊರಿಗೊಂದು ಫೋನ್ ಮಾಡಿರಿ. ನಾವು ಕಳುಹಿಸಿದ ಹಣವು ಅಲ್ಲಿ ಯಾರ ದಾರಿಯನ್ನು ಮುಚ್ಚಿದೆಯೆಂದು ತಂದೆಯನ್ನು ಕೇಳಿರಿ. ಅವರು ಸುಮ್ಮನಾದರೆ ಇನ್ನೊಮ್ಮೆ ಕೇಳಿರಿ. ಸಮಯವಿರುವಾಗಲೇ ಹಕ್ಕುದಾರರಿಗೆ ಹಕ್ಕನ್ನು ಮರಳಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.