ಬೆನ್ನಿಲ್ಲದ ಅಂಗಿ

ಸೊಸೆ ಮೊಬೈಲನ್ನು ನನ್ನ ಮೂಗಿನ ಹತ್ತಿರ ಹಿಡಿದು, "ಅತ್ತೆ, ಇಂಥದ್ದು ಕ್ರೋಷಾದಲ್ಲಿ ಹಾಕೋಕೆ ನಿಮಗೆ ಬರುತ್ತಾ?" ಎಂದು ಕೇಳಿದಾಗ ನಾನು ಹುಳಿಗೆ ಒಗ್ಗರಣೆ ಇಟ್ಟಿದ್ದೆ. ಕನ್ನಡಕ ಹಣೆಯ ಮೇಲಿತ್ತು. ಕಂಡದ್ದಿಷ್ಟು: ಕೆನೆಬಣ್ಣದ ನೂಲಿನ ಒಂದು ಅಂಗಿ, ಮಣಿಕಟ್ಟಿನವರೆಗೆ ತೋಳು, ಕತ್ತಿನವರೆಗೆ ಮುಚ್ಚಿದ ಎದೆ. "ಅಯ್ಯೋ, ಇಷ್ಟು ಲಕ್ಷಣವಾದ ಅಂಗಿ ಹಾಕಿಕೊಡೋದಕ್ಕೆ ಕೇಳಬೇಕೇನೇ?" ಎಂದುಬಿಟ್ಟೆ. ಅವಳು ಬೆರಳಿನಿಂದ ಚಿತ್ರವನ್ನು ಪಕ್ಕಕ್ಕೆ ಸರಿಸಿದಳು. ಮುಂದಿನ ಚಿತ್ರ ಅದೇ ಹುಡುಗಿಯ ಹಿಂಭಾಗದ್ದು. ಅಲ್ಲಿ ಅಂಗಿಯೇ ಇರಲಿಲ್ಲ! ಕತ್ತಿನ ಹಿಂದೆ ಒಂದು ಲಾಡಿ, ಸೊಂಟದ ಮೇಲೊಂದು ಪಟ್ಟಿ, ನಡುವೆ ಬರೀ ಬೆನ್ನು. ನನ್ನ ಸಾಸಿವೆ ಸೀದುಹೋಯಿತು.

ಮಾತು ಕೊಟ್ಟಾಗಿತ್ತು. "ಗೋವಾಕ್ಕೆ ಹೋಗ್ತಿದೀವಿ ಅತ್ತೆ, ಜನವರಿಯಲ್ಲಿ. ಅಲ್ಲಿಗೆ ಮಾತ್ರ" ಎಂದಳು, ನನ್ನ ಮುಖ ನೋಡಿ. "ಸರಿ ಮಾರಾಯ್ತಿ, ಬೆನ್ನು ಬೇಡ. ಆದರೆ ಆ ಸೆಕೆಗೆ ಇಷ್ಟುದ್ದ ತೋಳು ಯಾಕೆ?" "ಬಿಸಿಲಿಗೆ ಕೈ ಕಪ್ಪಾಗುತ್ತಲ್ಲ." "ಬೆನ್ನು ಕಪ್ಪಾಗೋದಿಲ್ವೇ?" "ಬೆನ್ನು ನಂಗೆ ಕಾಣಲ್ವಲ್ಲಾ ಅತ್ತೆ!" ಇದಕ್ಕೆ ಏನು ಹೇಳುತ್ತೀರಿ? ನಾನಂತೂ ಅಳತೆ ಟೇಪು ಹುಡುಕಲು ಹೋದೆ.

ಕ್ರೋಷಾ ಕಡ್ಡಿ ನನ್ನ ಕೈಗೆ ಬಂದು ನಲವತ್ತು ವರ್ಷ ದಾಟಿದೆ. ಬಾಗಿಲಿಗೆ ತೋರಣ, ಮಕ್ಕಳಿಗೆ ಕುಲಾವಿ, ಹಾಲಿನ ಪಾತ್ರೆಗೆ ಸುತ್ತ ಮಣಿ ಪೋಣಿಸಿದ ಮುಚ್ಚಳ, ಈಚೆಗೆ ನೆಂಟರಿಷ್ಟರ ಸೀರೆಗಳಿಗೆ ಕುಚ್ಚು, ಎಲ್ಲ ಹಾಕಿದ್ದೇನೆ. ಆ ಕಾಲದ ಟೀವಿಗೆ ಎಷ್ಟು ದೊಡ್ಡ ಬೆನ್ನಿತ್ತು, ನೆನಪಿದೆಯೇ? ಅದಕ್ಕೂ ಹೆಣೆದ ಮುಸುಕು ಹೊದಿಸಿದವಳು ನಾನು. ಒಟ್ಟಿನಲ್ಲಿ ಇಷ್ಟು ವರ್ಷ ಮಾಡಿದ್ದೆಲ್ಲ ಮುಚ್ಚುವ ಕೆಲಸವೇ.

ಹೇಳಿಕೊಟ್ಟವರು ನಮ್ಮ ಅತ್ತೆಯವರು. ಅದರ ಕಥೆ ಸ್ವಲ್ಪ ಖಾರದ್ದು. ನಾನು ಮದುವೆಯಾಗಿ ಶಿವಮೊಗ್ಗಕ್ಕೆ ಬಂದದ್ದು 1981ರಲ್ಲಿ. ಮರುವರ್ಷ ತಂಗಿಯ ಮದುವೆಗೆಂದು ಒಂದು ಹಸಿರು ರೇಷ್ಮೆ ರವಿಕೆ ಹೊಲಿಯಲು ಕೊಟ್ಟೆ. ದರ್ಜಿಯ ಹತ್ತಿರ ದನಿ ತಗ್ಗಿಸಿ, "ಹಿಂದೆ ಕತ್ತು 8 ಅಂಗುಲ ಇಳಿಸಿ" ಎಂದೆ. ಅದಕ್ಕೆ ಹಿಂದಿನ ವಾರವಷ್ಟೇ ನೋಡಿದ್ದ ಒಂದು ಸಿನಿಮಾ ಕಾರಣ. ಮನೆಗೆ ತಂದು, ಕೋಣೆಯ ಕದ ಹಾಕಿ, ಎರಡು ಕನ್ನಡಿ ಹಿಡಿದು ನೋಡಿಕೊಂಡೆ. ನನ್ನ ಬೆನ್ನನ್ನು ನಾನೇ ಅಷ್ಟು ಚೆನ್ನಾಗಿ ನೋಡಿದ್ದು ಅದೇ ಮೊದಲು. ರವಿಕೆಯನ್ನು ಮಡಚಿ ಸೀರೆಯ ಜೊತೆ ಪೆಟ್ಟಿಗೆಯಲ್ಲಿಟ್ಟೆ. ಮದುವೆಯ ಹಿಂದಿನ ದಿನ ತೆಗೆದು ನೋಡುತ್ತೇನೆ, ಹಿಂದಿನ ಕತ್ತಿನ ತುಂಬ ಬಿಳಿ ನೂಲಿನ ಕ್ರೋಷಾ ಲೇಸು! ಅನಾನಸ್ ಡಿಸೈನು, ಅಂಚಿಗೆ ಒಂದಿಷ್ಟೂ ಸುಕ್ಕಿಲ್ಲದಂತೆ ಕೂರಿಸಿದ್ದಾರೆ. ಎರಡು ರಾತ್ರಿಯ ಕೆಲಸವಾದರೂ ಇರಬೇಕು. ನಾನು ಹೊರಗೆ ಬಂದಾಗ ಅತ್ತೆಯವರು ಹೂ ಕಟ್ಟುತ್ತಿದ್ದರು. ತಲೆ ಎತ್ತದೆ, "ಚೆಂದ ಕಾಣಲಿ ಅಂತ ಹಾಕಿದೆ" ಎಂದರು. ಬೈಯಲಿಲ್ಲ. ಬೈದಿದ್ದರೆ ಎದುರಾಡಬಹುದಿತ್ತು.

ಮದುವೆಮನೆಯಲ್ಲಿ ನೋಡಿದವರೆಲ್ಲ ಆ ಲೇಸನ್ನು ಮುಟ್ಟಿ ಮುಟ್ಟಿ ಹೊಗಳಿದರು. "ನಮ್ಮ ಅತ್ತೆಯವರ ಕೈಕೆಲಸ" ಎಂದು ನಾನು ಎಲ್ಲರಿಗೂ ನಕ್ಕು ಹೇಳಿದೆ. ಆ ನಗು ಹೇಗಿತ್ತೆಂದು ನನಗೊಬ್ಬಳಿಗೆ ಗೊತ್ತು. ಮುಂದೆ ಬಸುರಿಯಾಗಿದ್ದಾಗ ಅವರೇ ಕಡ್ಡಿ ಕೊಟ್ಟು, ಬೆರಳಿಗೆ ನೂಲು ಸುತ್ತಿ, ಸರಪಳಿ, ಅರ್ಧ ಕಂಬ, ಕಂಬ ಎಂದು ಒಂದೊಂದಾಗಿ ಕಲಿಸಿದರು. ಒಳ್ಳೆಯ ಗುರು, ಸುಳ್ಳು ಹೇಳಬಾರದು. ಆದರೆ ರವಿಕೆಯ ವಿಷಯ ಇಬ್ಬರೂ ಎತ್ತಲಿಲ್ಲ.

ಬಹಳ ವರ್ಷಗಳಾದ ಮೇಲೆ, ಒಂದು ಮಳೆಗಾಲದ ರಾತ್ರಿ ವಿದ್ಯುತ್ ಹೋಗಿದ್ದಾಗ, ಅವರು ತಮ್ಮ ಸೋದರತ್ತೆಯ ಸುದ್ದಿ ತೆಗೆದರು. ಬಾಲವಿಧವೆ. ಬೋಳಿಸಿದ ತಲೆ, ಕೆಂಪು ಸೀರೆ, ರವಿಕೆ ತೊಡುವಂತಿಲ್ಲ. ತೀರ್ಥಹಳ್ಳಿ ಕಡೆಯ ಮಳೆ ಚಳಿಯಲ್ಲಿ ನಸುಕಿಗೇ ಬಾವಿಕಟ್ಟೆಯ ಮೇಲೆ ಒದ್ದೆ ಸೀರೆಯಲ್ಲಿ ನಿಲ್ಲುತ್ತಿದ್ದರಂತೆ. "ಅವಳ ಬೆನ್ನು ನಡುಗೋದನ್ನ ನಾನು ಒಲೆ ಮುಂದೆ ಕೂತು ನೋಡ್ತಿದ್ದೆ ಕಣೇ" ಎಂದರು. ಅಷ್ಟರಲ್ಲಿ ದೀಪ ಬಂತು, ಅವರು ಎದ್ದು ಹಾಸಿಗೆ ಕೊಡವಲು ಹೋದರು.

ಇರಲಿ, ಅಂಗಿಗೆ ಬರೋಣ. ಮೊದಲು ನಾನು ಬೆನ್ನಿಲ್ಲದ ಮೇಲೆ ಅರ್ಧ ಕೆಲಸ ಉಳಿಯಿತು ಎಂದುಕೊಂಡಿದ್ದೆ. ತಪ್ಪು. ಅಂಗಿಯನ್ನು ಮೈಮೇಲೆ ಹಿಡಿದು ನಿಲ್ಲಿಸುವುದೇ ಬೆನ್ನು ಎಂದು ತಿಳಿದದ್ದು ಅದನ್ನು ಬಿಟ್ಟಾಗ! ಬೆನ್ನಿಲ್ಲದಿದ್ದರೆ ಭುಜ ಎರಡು ಕಡೆಗೂ ಜಾರುತ್ತದೆ. ತೋಳಿಲ್ಲದ ಅಂಗಿಯಾದರೆ ಒಂದು ಲಾಡಿಯಲ್ಲಿ ಸುಧಾರಿಸಬಹುದು. ಉದ್ದ ತೋಳೆಂದರೆ ಎರಡು ಕಡೆಯಿಂದಲೂ ಎಳೆಯುವ ಭಾರ. ಹತ್ತಿ ನೂಲು ಬೇರೆ, ಉಲ್ಲನ್ನಿನಂತೆ ಎಳೆದರೆ ಮತ್ತೆ ಮುದುಡಿಕೊಳ್ಳುವ ಗುಣ ಅದಕ್ಕಿಲ್ಲ, ತನ್ನ ಭಾರಕ್ಕೆ ತಾನೇ ಇಳಿಯುತ್ತ ಹೋಗುತ್ತದೆ. ಅದೂ ಅಲ್ಲದೆ ತೋಳನ್ನು ಸುತ್ತ ಕೂರಿಸಬೇಕಾದರೆ ಹಿಂದೆ ಏನಾದರೂ ಆಧಾರ ಬೇಕಲ್ಲ? ಬರೀ ಗಾಳಿಗೆ ತೋಳು ಹೊಲಿಯಲಾಗುತ್ತದೆಯೇ?

ಗಾಂಧಿ ಬಜಾರಿನಿಂದ 50 ಗ್ರಾಮಿನ 8 ಉಂಡೆ ತಂದೆ. 3.5 ಮಿಲಿಮೀಟರಿನ ಕಡ್ಡಿ. ಅಂಗೈ ಅಗಲದ ತುಂಡು ಹಾಕಿ, ತೊಳೆದು, ಒಣಗಿಸಿ ಅಳೆದೆ: 4 ಅಂಗುಲಕ್ಕೆ 18 ಕಂಬ, 9 ಸಾಲು. ನೀವು ಹಾಕುವುದಾದರೆ ಈ ತುಂಡನ್ನು ತಪ್ಪಿಸಬೇಡಿ, ತೊಳೆಯದೆ ಅಳೆಯಲೂಬೇಡಿ. ಮುಂಭಾಗ 17 ಅಂಗುಲ ಅಗಲ, 77 ಕಂಬ. ಎರಡು ಪಕ್ಕದಿಂದಲೂ 2 ಅಂಗುಲದ ಪಟ್ಟಿಯನ್ನು ಹಿಂದಕ್ಕೆ ಬಳಸಿ ಭುಜದವರೆಗೆ ಒಯ್ದೆ, ತೋಳಿಗೆ ಅದೇ ಆಧಾರ. ಈ ಪಟ್ಟಿಗಳನ್ನು ಕಂಬದ ಬದಲು ಗಟ್ಟಿಯಾಗಿ ಕೂರುವ ಅರ್ಧ ಕಂಬದಲ್ಲಿ ಹಾಕಿದೆ. ಕತ್ತಿನ ಹಿಂದೆ ಒಂದು ಲಾಡಿ ಸಾಲದೆಂದು ಭುಜದಿಂದ ಭುಜಕ್ಕೆ ಇನ್ನೊಂದು ಕಟ್ಟಿದೆ. ತೋಳುಗಳೆರಡೇ 3 ಉಂಡೆ ನುಂಗಿದವು.

ಒಳಗೆ ಏನು ತೊಡುವುದು ಎನ್ನುವ ಪ್ರಶ್ನೆ ನಿಮಗೂ ಬಂದಿರಬೇಕು. ನನಗೂ ಬಂದಿತ್ತು, ಕೇಳುವುದು ಹೇಗೆಂದು ಎರಡು ದಿನ ಒದ್ದಾಡಿದೆ. ಅವಳು ಸಲೀಸಾಗಿ, "ಮುಂದೆ ಲೈನಿಂಗ್ ಕೊಟ್ಟು ಅದರಲ್ಲೇ ಕಪ್ ಕೂರಿಸಿದರಾಯ್ತು ಅತ್ತೆ, ಟೈಲರ್ ಹಾಕಿಕೊಡ್ತಾರೆ" ಎಂದಳು. ಆಗಬಹುದು.

"ಅಂಗಡಿಯಲ್ಲಿ ರೆಡಿ ಸಿಗುತ್ತಲ್ಲ, ಕಣ್ಣು ಯಾಕೆ ಹಾಳುಮಾಡಿಕೊಳ್ತೀಯ?" ಎಂದರು ನಮ್ಮವರು. ಸಿಗುತ್ತದೆ. ಆದರೆ ಅಂಗಡಿಯದ್ದನ್ನೂ ಯಾರೋ ಒಬ್ಬಳು ಕೂತು ಹಾಕಿರಲೇಬೇಕು. ಸ್ವೆಟರು ಹೆಣೆಯುವ ಯಂತ್ರವಿದೆ, ನಿಜವಾದ ಕ್ರೋಷಾ ಮಾತ್ರ ಇಂದಿಗೂ ಕೈಯದೇ ಕೆಲಸ. ಆಂಧ್ರದ ಪಶ್ಚಿಮ ಗೋದಾವರಿಯ ನರಸಾಪುರದಲ್ಲಿ ಮನೆಮನೆಯಲ್ಲಿ ಕೂತು ಲೇಸು ಹಾಕುವ ಹೆಂಗಸರ ಬಗ್ಗೆ ಮರಿಯಾ ಮೀಸ್ ಎಂಬ ಜರ್ಮನಿಯ ಸಮಾಜಶಾಸ್ತ್ರಜ್ಞೆ 1982ರಲ್ಲಿ ಪುಸ್ತಕವನ್ನೇ ತಂದಿದ್ದಾರೆ. ಮಗಳು ಎಂ.ಎ. ಓದುವಾಗ ಅದರಿಂದ ಕೆಲವು ಭಾಗ ಹೇಳಿದ್ದಳು. ಆ ಲೇಸು ಹಡಗು ಹತ್ತಿ ಪರದೇಶಕ್ಕೆ ಹೋಗುತ್ತಿತ್ತು, ಹಾಕಿದವಳು ಮಾತ್ರ ಲೆಕ್ಕದಲ್ಲಿ ಬಿಡುವಿನ ವೇಳೆ ಕಳೆಯುವ ಗೃಹಿಣಿ. 1982, ನನ್ನ ಹಸಿರು ರವಿಕೆಯ ವರ್ಷ!

ಕೊನೆಗೆ ಉಳಿದದ್ದು ಸೊಂಟದ ಮೇಲಿನ ಪಟ್ಟಿ. ಎರಡು ಪಕ್ಕಗಳ ನಡುವೆ ಕೆಳಗಿನಿಂದ ಮೇಲಕ್ಕೆ ಹಾಕುತ್ತ ಹೋಗುವುದು. ಲೆಕ್ಕದ ಪ್ರಕಾರ 3 ಅಂಗುಲ, ಅಂದರೆ 7 ಸಾಲು. ಏಳಾಯಿತು. ಕೈ ನಿಲ್ಲಲಿಲ್ಲ. ಒಂದು ಸಾಲು ಹೆಚ್ಚಿದ್ದರೆ ಗಟ್ಟಿ ಎಂದುಕೊಂಡೆ. ಇನ್ನೊಂದು ಇದ್ದರೆ ಬಾಗಿದಾಗ ಸೊಂಟಕ್ಕೆ ಗಾಳಿ ತಾಗುವುದಿಲ್ಲ ಎಂದುಕೊಂಡೆ. ಆಮೇಲೆ ಏನೂ ಅಂದುಕೊಳ್ಳದೆಯೇ ಹಾಕಿದೆ. ಹನ್ನೊಂದಾಗಿತ್ತು. ಎಣಿಸಲು ಬಾರದವಳೇನೂ ಅಲ್ಲ ನಾನು.

ಕ್ರಿಸ್‌ಮಸ್ ರಜೆಗೆ ಬಂದಾಗ ಸೊಸೆ ತೊಟ್ಟು ನೋಡಿದಳು. ತೋಳು, ಭುಜ, ಎದೆ, ಎಲ್ಲ ಅಳತೆಗೆ ಸರಿ. ಕನ್ನಡಿಗೆ ಬೆನ್ನು ಮಾಡಿ ಕತ್ತು ತಿರುಗಿಸಿದಳು. "ಅತ್ತೆ, ಪಟ್ಟಿ ಸ್ವಲ್ಪ ಮೇಲೆ ಬಂದಿದೆ ಅಲ್ವಾ?"

"ತೊಳೆದರೆ ನೂಲು ಬಿಗಿಯುತ್ತಲ್ಲ, ಅದಕ್ಕೇ ಜಾಸ್ತಿ ಹಾಕಿದೆ" ಎಂದೆ. ಶುದ್ಧ ಸುಳ್ಳು. ತೊಳೆದು ಅಳೆದ ತುಂಡು ಅಲ್ಲೇ ನನ್ನ ಬುಟ್ಟಿಯಲ್ಲಿತ್ತು.

"ಹೌದಾ? ಚೆನ್ನಾಗೇ ಇದೆ ಬಿಡಿ ಅತ್ತೆ. ಎಷ್ಟು ಕಷ್ಟಪಟ್ಟಿದೀರಿ" ಎಂದು ನಕ್ಕಳು.

ಆ ನಗು ನನಗೆ ಗುರುತಿತ್ತು. ತಂಗಿಯ ಮದುವೆಮನೆಯಲ್ಲಿ ನಾನು ಎಲ್ಲರಿಗೂ ಹಂಚಿದ ನಗು ಅದು.

ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಅಡಿಗೆಮನೆಯ ದೀಪ ಹಾಕಿಕೊಂಡು ಅಂಗಿ ಬಿಡಿಸಿದೆ. ಎರಡು ಕಡ್ಡಿಯ ಹೆಣಿಗೆಯಲ್ಲಿ ಸಾಲಿನ ಅಷ್ಟೂ ಕುಣಿಕೆ ಕಡ್ಡಿಯ ಮೇಲಿರುತ್ತದೆ, ಕಡ್ಡಿ ಜಾರಿತೋ ಜೀವ ಬಾಯಿಗೆ ಬರುತ್ತದೆ. ಕ್ರೋಷಾದಲ್ಲಿ ಜೀವವಿರುವುದು ಕೊನೆಯ ಒಂದೇ ಕುಣಿಕೆಯಲ್ಲಿ. ಅದನ್ನು ಬಿಟ್ಟು ನೂಲು ಎಳೆದರೆ ಸಾಲಿಗೆ ಸಾಲೇ ಸರಸರ ಬಿಚ್ಚಿಕೊಳ್ಳುತ್ತದೆ. ಎರಡು ಮಧ್ಯಾಹ್ನ ಕೂತು ಹಾಕಿದ 4 ಸಾಲು ಮೂರು ನಿಮಿಷವೂ ಹಿಡಿಯಲಿಲ್ಲ. ಬಿಚ್ಚಿದ ನೂಲು ಶ್ಯಾವಿಗೆಯಂತೆ ಸುರುಳಿಯಾಗಿತ್ತು. ಏಳನೆಯ ಸಾಲಿನಲ್ಲಿ ಗಂಟು ಹಾಕಿ, ಆ ಸುರುಳಿ ನೂಲಿನಿಂದಲೇ ಲಾಡಿಗಳ ತುದಿಗೆ ಕುಚ್ಚು ಕಟ್ಟಿದೆ. ಕುಚ್ಚಿನಲ್ಲಿ ಸುಕ್ಕು ಕಾಣುವುದಿಲ್ಲ.

ಬೆಳಿಗ್ಗೆ ಕಾಫಿ ಕೊಡುವಾಗ, "ನಿನ್ನೆ ಹೇಳಿದ್ದು ಸುಳ್ಳು ಕಣೇ, ಬೇಕೆಂದೇ ಏರಿಸಿದ್ದೆ" ಎಂದೆ. "ಗೊತ್ತಿತ್ತು ಅತ್ತೆ" ಎಂದಳು. ಇಬ್ಬರೂ ಮತ್ತೇನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿಗೆ ಅವಳು, "ಇದನ್ನ ಒಗೆಯೋದು ಹೇಗೆ?" ಎಂದು ಕೇಳಿದಳು. ತಂತಿಗೆ ನೇತುಹಾಕಬೇಡ, ತೋಳು ಮೊಣಕಾಲಿಗೆ ಬರುತ್ತದೆ, ಟವೆಲಿನಲ್ಲಿ ಸುತ್ತಿ ಹಿಂಡಿ ಚಾಪೆಯ ಮೇಲೆ ಹರವು ಎಂದೆ.

ಜನವರಿಯಲ್ಲಿ ಗೋವಾದಿಂದ ಒಂದು ಫೋಟೋ ಬಂತು. ಸಮುದ್ರದ ಕಡೆ ಮುಖ ಮಾಡಿ ನಿಂತಿದ್ದಾಳೆ, ಲಾಡಿಯ ಕುಚ್ಚು ಗಾಳಿಗೆ ಹಾರಿದೆ. ನಮ್ಮವರು ಕನ್ನಡಕ ಸರಿಮಾಡಿಕೊಂಡು, "ಯಾರದೇ ಇದು? ಮುಖವೇ ಇಲ್ಲವಲ್ಲ!" ಎಂದರು. ನಾನು ಎರಡು ಬೆರಳಿನಿಂದ ಚಿತ್ರವನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. ಬಲಗಡೆಯ ಪಟ್ಟಿಯಲ್ಲಿ, ಭುಜದ ಹತ್ತಿರ, ಒಂದು ಅರ್ಧ ಕಂಬ ತಪ್ಪಿಹೋಗಿತ್ತು.