ಹಸಿರುಮನೆಗೆ ಎಂಥ ಹೊದಿಕೆ?

ವ್ಯಾಪಾರಸ್ಥರಾದ ನಾವು ಯಾವ ವಸ್ತು ಕೊಳ್ಳುವಾಗಲೂ ಎರಡು ಪ್ರಶ್ನೆ ಕೇಳುತ್ತೇವೆ: ಬೆಲೆ ಎಷ್ಟು, ಬಾಳಿಕೆ ಎಷ್ಟು? ಹಿತ್ತಲಿನ ಹಸಿರುಮನೆಗೆ ಹೊದಿಕೆ ಆರಿಸುವಾಗ ಮಾತ್ರ ಇವೆರಡಕ್ಕೂ ಮೊದಲು ಇನ್ನೊಂದನ್ನು ಕೇಳಬೇಕು: ನಮ್ಮ ಊರಿನ ಬಿಸಿಲಿಗೆ ಇದು ತಕ್ಕದ್ದೇ? ನಮ್ಮ ಮನೆಯಲ್ಲಿ ಈ ವಿಷಯವಾಗಿ ನಡೆದ ಚರ್ಚೆ ಇತರ ಕುಟುಂಬಗಳಿಗೂ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ನಮ್ಮ ಅಂಗಡಿ ಸೋಲಾಪುರದಲ್ಲಿ, ಹಿರಿಯರ ಮನೆ ಅಕ್ಕಲಕೋಟೆಯಲ್ಲಿ. ಅಪ್ಪ ತೀರಿಕೊಂಡ ಮೇಲೂ ಅವ್ವ ಆ ಮನೆ ಬಿಟ್ಟು ಬರಲಿಲ್ಲ. ಅವಳನ್ನು ಅಲ್ಲಿ ಹಿಡಿದಿಟ್ಟದ್ದು ಹಿತ್ತಲು. ಚಾತುರ್ಮಾಸದಲ್ಲಿ ನಮ್ಮಲ್ಲಿ ಸೊಪ್ಪು ತಿನ್ನುವುದಿಲ್ಲ. ಆದ್ದರಿಂದ ಮೆಂತೆ, ಪಾಲಕ, ಕೊತ್ತಂಬರಿ ಬೆಳೆಯುವ ಅವಳ ಕಾಲವೆಂದರೆ ಚಳಿಗಾಲ ಮತ್ತು ಬೇಸಿಗೆ. ಬೇಸಿಗೆಯಲ್ಲಿ ಎಲ್ಲವೂ ಸುಟ್ಟುಹೋಗುತ್ತಿತ್ತು. ಅವಳಿಗೆ ವಯಸ್ಸು 76. ಬಿಸಿಲಲ್ಲಿ ನಿಲ್ಲಕೂಡದೆಂದು ಡಾಕ್ಟರು ಹೇಳಿದ್ದರು. ಹಿತ್ತಲು ಬಿಡಿಸಿದರೆ ಅವಳು ಮಂಚ ಹಿಡಿಯುವಳೆಂಬ ಭಯ ನಮಗೆ, ಬಿಡಿಸದಿದ್ದರೆ ಬಿಸಿಲಿನ ಭಯ. ಹೀಗಾಗಿ 20 ಅಡಿ ಉದ್ದ, 12 ಅಡಿ ಅಗಲದ ಒಂದು ಸಣ್ಣ ಹಸಿರುಮನೆ ಕಟ್ಟಿಸಬೇಕೆಂದು ನಿಶ್ಚಯಿಸಿದೆವು.

ಕೆಲಸದ ನಿಮಿತ್ತ ಹಾಲೆಂಡಿಗೆ ಹೋಗಿಬಂದಿದ್ದ ನನ್ನ ಮಗನ ಮನಸ್ಸಿನಲ್ಲಿ ಗಾಜಿನ ಮನೆಯೇ ನಿಂತಿತ್ತು. “ಕಾಕಾ, ಗಾಜು ಒಮ್ಮೆ ಹಾಕಿದರ ಮೂವತ್ತು ವರ್ಷ ತಿರುಗಿ ನೋಡೂದು ಬ್ಯಾಡ” ಎಂದ. ನನ್ನ ತಮ್ಮ ಲೆಕ್ಕದವನು. “ಗಾಜಿನ ರೊಕ್ಕದಾಗ ಅಂಗಡಿಗೆ ಎರಡು ಕಪಾಟು ಬರತಾವ. ಪ್ಲಾಸ್ಟಿಕ್ ಹಾಳಿ ಸಾಕು” ಎಂದ. ಇಬ್ಬರ ಮಾತನ್ನೂ ಕೇಳಿಕೊಂಡಿದ್ದ ಅವ್ವ ಒಂದೇ ಮಾತು ಹೇಳಿದಳು: “ಗಿಡಕ್ಕ ಬೆಳಕು ಬೇಕಪಾ, ಬೆಂಕಿ ಬ್ಯಾಡ.”

ಆಲೋಚಿಸಿದಂತೆ ಅವಳ ಮಾತಿನಲ್ಲೇ ಎಲ್ಲವೂ ಅಡಗಿದೆ ಎನಿಸಿತು. ಗಾಜಿನ ಮನೆ ಹುಟ್ಟಿದ್ದು ಚಳಿಯ ದೇಶಗಳಲ್ಲಿ. 1851ರಲ್ಲಿ ಲಂಡನ್ನಿನಲ್ಲಿ ಕ್ರಿಸ್ಟಲ್ ಪ್ಯಾಲೇಸಿನ ನಕ್ಷೆ ಮಾಡಿದ ಜೋಸೆಫ್ ಪ್ಯಾಕ್ಸ್‌ಟನ್ ಮೂಲತಃ ತೋಟಗಾರ. ಗಿಡಗಳಿಗಾಗಿ ಗಾಜಿನ ಮನೆ ಕಟ್ಟಿದ ಅನುಭವವೇ ಅವನಿಗೆ ಆಧಾರವಾಯಿತು. ಅದರ ಮಾದರಿಯೆಂದು ಹೇಳುವ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿತ್ತು. ಆದರೆ ಬೆಂಗಳೂರಿನ ತಂಪು ಎಲ್ಲಿ, ನಮ್ಮ ಸೋಲಾಪುರ ಎಲ್ಲಿ! ಇಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯ. ಹಾಲೆಂಡಿನವನು ಶಾಖವನ್ನು ಕೂಡಿಡಲು ಮನೆ ಕಟ್ಟುತ್ತಾನೆ, ನಾವು ಶಾಖವನ್ನು ಹೊರಗೆ ಹಾಕಲು ಕಟ್ಟಬೇಕು.

ಗಾಜು ಬೆಳಕಿನ ನೂರರಲ್ಲಿ ಸುಮಾರು 90 ಪಾಲನ್ನು ಒಳಗೆ ಬಿಡುತ್ತದೆ. ಒಳಗಿನ ಮಣ್ಣು ಕಾಯುತ್ತದೆ, ಆ ಕಾವು ಗಾಜಿನಿಂದ ಹೊರಗೆ ದಾಟಲಾರದು, ಕಾದ ಗಾಳಿಗೂ ಹೋಗಲು ದಾರಿಯಿಲ್ಲ. ಇನ್ನು ತೂಕ. 4 ಮಿಲಿಮೀಟರ್ ಗಾಜು ಒಂದು ಚದರ ಮೀಟರಿಗೆ 10 ಕಿಲೋ ತೂಗುತ್ತದೆ, ಅದಕ್ಕೆ ತಕ್ಕ ಗಟ್ಟಿ ಚೌಕಟ್ಟು ಬೇಕು. 2014ರ ಫೆಬ್ರುವರಿ-ಮಾರ್ಚಿನಲ್ಲಿ ಆಲಿಕಲ್ಲು ಸುರಿದು ಸೋಲಾಪುರ ಜಿಲ್ಲೆಯ ದ್ರಾಕ್ಷಿ, ದಾಳಿಂಬೆ ತೋಟಗಳು ಹಾಳಾದದ್ದನ್ನು ನಾವು ಮರೆತಿಲ್ಲ. ಹದಗೊಳಿಸಿದ ಗಾಜು ಸಾದಾ ಗಾಜಿಗಿಂತ ನಾಲ್ಕೈದು ಪಟ್ಟು ಗಟ್ಟಿ, ಒಡೆದರೂ ಸಣ್ಣ ಹರಳುಗಳಾಗಿ ಉದುರುತ್ತದೆ. ಆದರೂ ಮುದುಕಿಯೊಬ್ಬಳು ಒಂಟಿಯಾಗಿ ಓಡಾಡುವ ಜಾಗದಲ್ಲಿ ತಲೆಯ ಮೇಲೆ ಗಾಜು ನನ್ನ ಮನಸ್ಸಿಗೆ ಒಪ್ಪಲಿಲ್ಲ. ತಿಳಿಗಾಜಿನಲ್ಲಿ ಆಕಾಶದ ಪ್ರತಿಬಿಂಬ ಕಂಡು ಹಕ್ಕಿಗಳು ಬಂದು ಅಪ್ಪಳಿಸುವುದೂ ಉಂಟು. ಜೀವದಯೆಯ ನಮ್ಮ ಮನೆಗಳಲ್ಲಿ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಎರಡು ಪದರದ ಪಾಲಿಕಾರ್ಬೊನೇಟ್ ಹಗುರ, ಪೆಟ್ಟಿಗೆ ಸುಲಭವಾಗಿ ಒಡೆಯುವುದಿಲ್ಲ. ಅದನ್ನು ಹಾಕಿಸುವವರು ಮೂರು ಸಂಗತಿ ನೆನಪಿಡಬೇಕು. ಅತಿನೇರಳೆ ಕಿರಣ ತಡೆಯುವ ಲೇಪದ ಮಗ್ಗುಲು ಹೊರಗೇ ಇರಬೇಕು. ಒಳಗಿನ ಕೊಳವೆಯಂಥ ಸಾಲುಗಳು ಇಳಿಜಾರಿನ ದಿಕ್ಕಿಗಿರಬೇಕು. ಬಿಸಿಲಿಗೆ ಅದು ಹಿಗ್ಗುವುದರಿಂದ ಸ್ಕ್ರೂ ತೂತುಗಳನ್ನು ತುಸು ದೊಡ್ಡದಾಗಿ ಕೊರೆಯಬೇಕು. ಆದರೆ ಎರಡು ಪದರದ ನಡುವಿನ ಗಾಳಿ ಶಾಖ ಹಿಡಿದಿಡಲೆಂದೇ ಇರುವುದು. ನಮಗೆ ಅದರ ಅಗತ್ಯ ಕಡಿಮೆ. ಫೈಬರ್ ಶೀಟು ಅಗ್ಗ, ಆದರೆ ಕೆಲವು ವರ್ಷಗಳಲ್ಲಿ ಹಳದಿಗಟ್ಟಿ ಬೆಳಕು ಕುಂದುತ್ತದೆ.

ಪಾಲಿಥೀನ್ ಹಾಳೆ ಎಂದರೆ ಸಾಮಾನು ಮುಚ್ಚುವ ಸಾದಾ ಹಾಳೆಯಲ್ಲ. ಅದು ಒಂದು ಬೇಸಿಗೆಗೇ ಚೂರಾಗುತ್ತದೆ. ಬೇಕಾದದ್ದು ಅತಿನೇರಳೆ ಕಿರಣ ತಾಳುವಂತೆ ಮಾಡಿದ 200 ಮೈಕ್ರಾನ್ ಹಾಳೆ. ಅದರ ಬಾಳಿಕೆ 3ರಿಂದ 5 ವರ್ಷ. ಬೆಳಕನ್ನು ಚದುರಿಸುವ ಹಾಲುಬಣ್ಣದ ಹಾಳೆಯಾದರೆ ಎಲೆ ಸುಡುವುದು ಕಡಿಮೆ.

ಬಾಯಿಮಾತಿನ ವಾದಕ್ಕಿಂತ ಪರೀಕ್ಷೆ ಮೇಲೆಂದು ಮಾರ್ಚಿನಲ್ಲಿ ಮೂರು ಮಾವಿನ ಪೆಟ್ಟಿಗೆಗಳಲ್ಲಿ ಮೆಂತೆ ಬಿತ್ತಿಸಿದೆ. ಒಂದರ ಮೇಲೆ ಹಳೆಯ ಕಿಟಕಿಯ ಗಾಜು ಮುಚ್ಚಿದೆವು. ಇನ್ನೊಂದಕ್ಕೆ ಹಾಳೆ ಹೊದಿಸಿ ಪಕ್ಕಗಳನ್ನು ತೆರೆದಿಟ್ಟೆವು. ಮೂರನೆಯದಕ್ಕೆ ಬರೀ ಶೇಡ್‌ನೆಟ್. ಗಾಜಿನ ಪೆಟ್ಟಿಗೆಯ ಸಸಿಗಳು ನಾಲ್ಕನೆಯ ಮಧ್ಯಾಹ್ನವೇ ಬಾಡಿ ಮಲಗಿದವು. ಉಳಿದೆರಡರಲ್ಲಿ ಬೆಳೆ ನಿಂತಿತು. ಮಗ ಪೆಟ್ಟಿಗೆಯೊಳಗೆ ಕೈಯಿಟ್ಟು ನೋಡಿ, “ಆಯಿ ಹೇಳಿದ್ದ ಖರೆ” ಎಂದು ನಕ್ಕ.

ಕೊನೆಗೆ ಕಟ್ಟಿಸಿದ್ದು ಹೀಗೆ: ಕಮಾನಿನ ಪೈಪುಗಳ ಮೇಲೆ ಹಾಲುಬಣ್ಣದ ಹಾಳೆ, ನೆತ್ತಿಯಲ್ಲಿ ಬಿಸಿಗಾಳಿ ಹೋಗಲು ಬಾಯಿ, ನಾಲ್ಕೂ ಪಕ್ಕ ಕೀಟ ತಡೆಯುವ ಸಣ್ಣ ಕಣ್ಣಿನ ಬಲೆ. ಮಾರ್ಚಿನಿಂದ ಮಳೆ ಬರುವತನಕ ಹಾಳೆಯಿಂದ ಒಂದಡಿ ಮೇಲೆ ಬಿಳಿಯ 50 ಶೇಕಡಾ ಶೇಡ್‌ನೆಟ್ ಎಳೆಯುತ್ತೇವೆ. ಹಾಳೆಗೆ ತಾಗಿಸಿ ಹಾಕಿದರೆ ನೆಟ್ಟಿನ ಕಾವು ಕೆಳಗೇ ಇಳಿಯುತ್ತದೆ. ಕಾದ ಪೈಪು ತಗುಲಿ ಹಾಳೆ ಬೇಗ ಸವೆಯದಿರಲೆಂದು ಪೈಪಿಗೆ ಬಿಳಿ ಬಣ್ಣ ಬಳಿಸಿದೆವು. ಬಲೆಯಿಂದ ಇನ್ನೊಂದು ಲಾಭವಾಯಿತು. ಹುಳು ಒಳಗೆ ಬರುವುದು ಕಡಿಮೆಯಾಗಿ ಔಷಧ ಹೊಡೆದು ಅವನ್ನು ಕೊಲ್ಲುವ ಪ್ರಸಂಗ ಈತನಕ ಬಂದಿಲ್ಲ.

ಎರಡು ಬೇಸಿಗೆ ಕಳೆದಿವೆ. ಅವ್ವ ಬೆಳಿಗ್ಗೆ ಒಂಬತ್ತರೊಳಗೆ ಕೆಲಸ ಮುಗಿಸಿ ಹೊರಗೆ ಬರುತ್ತಾಳೆ. ಎಂಥ ಹೊದಿಕೆಯಾದರೂ ಮೇ ತಿಂಗಳ ಮಧ್ಯಾಹ್ನ ಒಳಗೆ ನಿಲ್ಲುವ ಜಾಗವಲ್ಲ. ಏಪ್ರಿಲಿನಲ್ಲೂ ಸೋಲಾಪುರದ ಮನೆಗೆ ಅವಳ ಕೊತ್ತಂಬರಿ ಬರುತ್ತದೆ.

ಹಸಿರುಮನೆ ಕಟ್ಟಿಸುವ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ಬೆಲೆಯನ್ನು ಬಾಳಿಕೆಯ ವರ್ಷಗಳಿಂದ ಭಾಗಿಸಿ ನೋಡಿರಿ, ಜೊತೆಗೆ ಚೌಕಟ್ಟಿನ ಖರ್ಚನ್ನೂ ಹಾಳೆ ಬದಲಿಸುವ ಕೂಲಿಯನ್ನೂ ಕೂಡಿಸಿರಿ. ಹಳೆಯ ಹಾಳೆಯನ್ನು ಸುಡದೆ ಗುಜರಿಗೆ ಕೊಡಿರಿ. ಎಲ್ಲಕ್ಕಿಂತ ಮೊದಲು, ಅದರ ಕೆಳಗೆ ದಿನವೂ ಓಡಾಡುವವರು ಯಾರೋ ಅವರನ್ನು ಒಂದು ಮಾತು ಕೇಳಿರಿ.