ಐದರ ಮತ, ಹನ್ನೆರಡರ ಮತ

ಕಾಸರಗೋಡಿನ ಕನ್ನಡಿಗನಿಗೆ ಪೇಟೆ ಎಂದರೆ ಮಂಗಳೂರು, ರಾಜಧಾನಿ ಎಂದರೆ ತಿರುವನಂತಪುರ. ನೌಕರಿ ಮಾತ್ರ ಇವೆರಡರ ನಡುವೆ ಎಲ್ಲಿ ಬೇಕಾದರೂ ಸಿಗಬಹುದು. ನನಗೆ ಮೊದಲು ತಿರುವನಂತಪುರ ಸಿಕ್ಕಿತು, ಆಮೇಲೆ ಕೊಚ್ಚಿ. ಮಾತಿಗೆ ತೊಂದರೆಯಾಗಲಿಲ್ಲ, ಮಲಯಾಳ ನಮಗೆ ಶಾಲೆಯ ಅಂಗಳದಲ್ಲೇ ಬಂದುಬಿಡುತ್ತದೆ. ತೊಂದರೆಯಾದದ್ದು ಭಾರ ಎತ್ತುವ ವಿಷಯದಲ್ಲಿ. ಒಂದೂರಿನಲ್ಲಿ ಕಲಿತ ಶಾಸ್ತ್ರ ಇನ್ನೊಂದೂರಿನಲ್ಲಿ ಅಪಚಾರವಾಗಿತ್ತು.

ತಿರುವನಂತಪುರದ ನಮ್ಮ ಜಿಮ್ಮು ಪಾಳಯದ ಆಚೆ ಒಂದು ಹಳೇ ಕಟ್ಟಡದ ಮಾಳಿಗೆಯಲ್ಲಿತ್ತು. ಇದ್ದದ್ದು ಒಂದೇ ಕನ್ನಡಿ, ಅದೂ ತಲೆ ಬಾಚಲಿಕ್ಕೆ. ನಡೆಸುತ್ತಿದ್ದವರು ಒಂದು ಕಾಲದ ಪವರ್‌ಲಿಫ್ಟರ್. ನಾವೆಲ್ಲ ಅವರನ್ನು ಆಶಾನ್, ಅಂದರೆ ಗುರು, ಎನ್ನುತ್ತಿದ್ದೆವು, ಅವರು ಆ ಊರಿನ ರೂಢಿಯಂತೆ ಚಿಕ್ಕವರನ್ನೂ ‘ಅಣ್ಣಾ’ ಎಂದೇ ಕರೆಯುತ್ತಿದ್ದರು. ಅವರದು ಐದರ ಮತ. ಸ್ಕ್ವಾಟ್, ಬೆಂಚ್ ಪ್ರೆಸ್, ಡೆಡ್‌ಲಿಫ್ಟ್, ಇಷ್ಟೇ. ಐದು ಸೆಟ್, ಸೆಟ್ಟಿಗೆ ಐದು ಸಲ, ನಡುವೆ ಮೂರು ನಿಮಿಷ ವಿಶ್ರಾಂತಿ. ಆ ಮೂರು ನಿಮಿಷದಲ್ಲಿ ‘ಮಾತೃಭೂಮಿ’ ಪತ್ರಿಕೆಯ ಒಂದು ಪುಟ ಓದಿ ಮುಗಿಸುವವರಿದ್ದರು. ಐದೈದರ ಲೆಕ್ಕ ಆಶಾನ್ ಕಂಡುಹಿಡಿದದ್ದಲ್ಲ. ಇಂಗ್ಲೆಂಡಿನ ರೆಗ್ ಪಾರ್ಕ್ ಅದಕ್ಕೆ ಹೆಸರು ತಂದ, ಬಿಲ್ ಸ್ಟಾರ್ 1976ರ ತನ್ನ ಪುಸ್ತಕದಲ್ಲಿ ಅಮೆರಿಕನ್ ಫುಟ್‌ಬಾಲ್ ಆಟಗಾರರಿಗೆ ಅದನ್ನೇ ಹೇಳಿಕೊಟ್ಟ.

ಕೊಚ್ಚಿಯಲ್ಲಿ ಗೋಡೆಯೆಲ್ಲ ಕನ್ನಡಿ, ಕಿವಿ ತುಂಬ ಹಾಡು. ಟ್ರೈನರ್ ಹುಡುಗ ನನ್ನನ್ನು ‘ಚೇಟಾ’ ಎಂದು ಕರೆದು, ಸೋಮವಾರ ಎದೆ, ಮಂಗಳವಾರ ಬೆನ್ನು ಎಂದು ಅಂಗಾಂಗಗಳಿಗೆ ವಾರ ಹಂಚಿಕೊಟ್ಟ. ಹನ್ನೆರಡು ಸಲ ಎತ್ತಬೇಕು, ನಿಮಿಷದೊಳಗೆ ಮುಂದಿನ ಸೆಟ್. ನಾನು ಐದಕ್ಕೇ ಬಾರ್‌ಬೆಲ್ ಇಟ್ಟರೆ, ಅರ್ಧ ಊಟದಲ್ಲಿ ಎದ್ದವನನ್ನು ನೋಡಿದ ಹಾಗೆ ನೋಡುತ್ತಿದ್ದ. ಅವನ ಆರಾಧ್ಯದೈವ ಊರಿನವರೇ ಆದ ಚಿತ್ತರೇಶ್ ನಟೇಶನ್. 2019ರಲ್ಲಿ ದಕ್ಷಿಣ ಕೊರಿಯಾದಲ್ಲಿ ಮಿಸ್ಟರ್ ಯೂನಿವರ್ಸ್ ಗೆದ್ದವರು. ಆ ಮೈಕಟ್ಟನ್ನು ತೋರಿಸಿ “ಇದು ಐದರಿಂದ ಬಂತಾ, ಚೇಟಾ?” ಎಂದು ಕೇಳಿದರೆ ನನ್ನ ಬಾಯಿ ಕಟ್ಟುತ್ತಿತ್ತು.

ಮತಭೇದ ನಮ್ಮ ಕಡೆಯವರಿಗೆ ಹೊಸತಲ್ಲ. ಶಂಕರರ ಕಾಲಡಿ ಕೊಚ್ಚಿಗೆ ಹತ್ತಿರ. ಕಾಸರಗೋಡಿನ ಬಳಿಯ ವಿಷ್ಣುಮಂಗಲದಲ್ಲಿ ಮಧ್ವಾಚಾರ್ಯರಿಗೂ ತ್ರಿವಿಕ್ರಮ ಪಂಡಿತರಿಗೂ ಹದಿನೈದು ದಿನ ವಾದ ನಡೆಯಿತೆನ್ನುತ್ತಾರೆ. ಅದೇ ಮಧ್ವಾಚಾರ್ಯರು ಒಂದೇ ಕೈಯಲ್ಲಿ ತಂದಿಟ್ಟರೆನ್ನುವ ಬಂಡೆ ಕಳಸದ ಹತ್ತಿರ ಅಂಬುತೀರ್ಥದಲ್ಲಿದೆ. ಎಷ್ಟು ಸಲ ಎತ್ತಿದರೆಂದು ಯಾರೂ ಬರೆದಿಟ್ಟಿಲ್ಲ. ಬರೆದಿಟ್ಟಿದ್ದರೆ ಅದಕ್ಕೂ ಒಂದು ಮಠವಾಗುತ್ತಿತ್ತು.

ನನಗೆ ಈಗ ಅನ್ನಿಸುವುದು ಇಷ್ಟು: ಇಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಹೇಳುತ್ತಿದ್ದರು. ಆಶಾನ್ ಹೇಳುತ್ತಿದ್ದದ್ದು ಬಲದ ಬಗ್ಗೆ, ಹುಡುಗ ಹೇಳುತ್ತಿದ್ದದ್ದು ಸ್ನಾಯುವಿನ ಬಗ್ಗೆ. ಎರಡೂ ಅಕ್ಕಪಕ್ಕದ ಮನೆಯವು, ಒಂದೇ ಮನೆಯವಲ್ಲ. ಕುಂದಾಪುರ ಕಡೆಯ ಗುರುರಾಜ ಪೂಜಾರಿಯವರನ್ನು ನೋಡಿ. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದ 61 ಕಿಲೋ ವಿಭಾಗದಲ್ಲಿ ಸ್ನ್ಯಾಚ್‌ನಲ್ಲಿ 118, ಕ್ಲೀನ್ ಅಂಡ್ ಜರ್ಕ್‌ನಲ್ಲಿ 151, ಒಟ್ಟು 269 ಕಿಲೋ ಎತ್ತಿ ಕಂಚು ತಂದರು. ಅಂಗಿ ತೊಟ್ಟು ಬಸ್ಸಿನಲ್ಲಿ ನಿಂತರೆ ಪಕ್ಕದವರಿಗೆ ಗೊತ್ತೇ ಆಗದ ಗಾತ್ರ. ಭಾರ ಎತ್ತುವಾಗ ಕೆಲಸ ಮಾಡುವುದು ಸ್ನಾಯು ಒಂದೇ ಅಲ್ಲ, ಅದಕ್ಕೆ ಅಪ್ಪಣೆ ಕೊಡುವ ನರವೂ ಹೌದು. ಹೊಸಬನ ಬಲ ಮೊದಲ ಕೆಲವು ವಾರ ಏರುವುದು ಮುಖ್ಯವಾಗಿ ನರಗಳು ಪಳಗುವುದರಿಂದ, ಸ್ನಾಯು ದಪ್ಪವಾಗುವುದು ಆಮೇಲೆ ಎಂದು ಮೊರಿಟಾನಿ ಮತ್ತು ಡಿವ್ರೀಸ್ 1979ರಲ್ಲೇ ತೋರಿಸಿದ್ದರು. ನರ ಪಳಗುವುದು ಯಾವ ಕೆಲಸ ಕೊಡುತ್ತೇವೋ ಆ ಕೆಲಸಕ್ಕೆ. ಹಾಗಾಗಿ ಹೆಚ್ಚು ಭಾರ ಎತ್ತಬೇಕಿದ್ದರೆ ಹೆಚ್ಚು ಭಾರವನ್ನೇ ಎತ್ತಿ ಅಭ್ಯಾಸವಾಗಬೇಕು.

ಸ್ನಾಯು ಅಷ್ಟು ಕಟ್ಟುನಿಟ್ಟಿನದಲ್ಲ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮೊದಲೇ ಭಾರ ಎತ್ತಿ ರೂಢಿಯಿದ್ದ 49 ಯುವಕರಿಗೆ 12 ವಾರ ವ್ಯಾಯಾಮ ಮಾಡಿಸಿದರು. ಒಂದು ತಂಡ ಹಗುರ ಭಾರವನ್ನು 20ರಿಂದ 25 ಸಲ, ಇನ್ನೊಂದು ಹೆಚ್ಚು ಭಾರವನ್ನು 8ರಿಂದ 12 ಸಲ. ಎರಡು ತಂಡದವರೂ ಇನ್ನೊಂದು ಸಲ ಏಳದು ಎನ್ನುವವರೆಗೆ ಎತ್ತಿದರು. ಸ್ನಾಯು ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಸಮ ಬೆಳೆಯಿತು. ಬೆಂಚ್ ಪ್ರೆಸ್ಸಿನಲ್ಲಿ ಒಂದೇ ಸಲಕ್ಕೆ ಎತ್ತುವ ಗರಿಷ್ಠ ಭಾರ ಮಾತ್ರ ಎರಡನೇ ತಂಡದಲ್ಲಿ ಹೆಚ್ಚು ಏರಿತು. ಹನ್ನೆರಡರ ಮತದವರಿಗೆ ಇದು ಅರ್ಧ ಸೋಲು: ಹನ್ನೆರಡರಲ್ಲಿ ಮಂತ್ರವೇನೂ ಇಲ್ಲ, ಸುಸ್ತಾಗುವವರೆಗೆ ಎತ್ತುವುದರಲ್ಲಿದೆ.

ಹಾಗಾದರೆ ದಿನವಿಡೀ ಸುಸ್ತಾಗುವವರ ಕತೆಯೇನು? ಮಟ್ಟಾಂಚೇರಿಯ ಬಜಾರ್ ರಸ್ತೆಯಲ್ಲಿ, ಎರ್ನಾಕುಳಂನ ಬ್ರಾಡ್‌ವೇಯಲ್ಲಿ ತಲೆಹೊರೆ ಕಾರ್ಮಿಕರು ಬೆಳಗ್ಗಿನಿಂದ ಅಕ್ಕಿ ಮೂಟೆ ಇಳಿಸುತ್ತಾರೆ. ಅವರಿಗಾಗಿಯೇ ಕೇರಳದಲ್ಲಿ 1978ರ ಕಾಯ್ದೆಯಿದೆ. 50 ಕಿಲೋ ಮೂಟೆ ತಲೆಗೇರಿಸಿ, ಬೀಡಿ ಕಚ್ಚಿಕೊಂಡು, ಹಲಗೆ ಮೇಲೆ ನಡೆಯುವ ಅವರ ಕತ್ತು ಬೆನ್ನಿನ ಹಿಡಿತ ನಮ್ಮ ಜಿಮ್ಮಿನಲ್ಲಿ ಯಾರಿಗೂ ಇರಲಿಲ್ಲ. ಆದರೂ ಅವರಲ್ಲಿ ಹೆಚ್ಚಿನವರು ಸಪೂರ ಆಳುಗಳು. ನಮ್ಮೂರಲ್ಲಿ ಅಡಿಕೆ ಕೊನೆ ಕೊಯ್ಯುವವರೂ ಹಾಗೇ. ಅವರಿಗೆ ಹೊಟ್ಟೆತುಂಬ ಊಟ, ಹೊತ್ತಿಗೆ ಸರಿಯಾದ ನಿದ್ದೆ ಸಿಗುತ್ತದೆಯೇ ಎಂಬುದು ಒಂದು ಮಾತು. ಇನ್ನೊಂದು, ಮೂಟೆ ಹತ್ತು ವರ್ಷದ ಹಿಂದೆ 50 ಕಿಲೋ ಇತ್ತು, ಇಂದೂ 50 ಕಿಲೋ. ದೇಹ ಒಮ್ಮೆ ಅದಕ್ಕೆ ಹೊಂದಿಕೊಂಡಿತು, ಅಲ್ಲಿಗೆ ನಿಂತಿತು. ಭಾರ ಮೆಲ್ಲನೆ ಏರುತ್ತಲೇ ಇದ್ದರಷ್ಟೇ ದೇಹಕ್ಕೆ ಬೆಳೆಯುವ ತುರ್ತು.

ಇದನ್ನು ವೈದ್ಯಶಾಸ್ತ್ರಕ್ಕೆ ತಂದವನು ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲಾರ್ಮ್. ಎರಡನೇ ಮಹಾಯುದ್ಧದಲ್ಲಿ ಮೊಣಕಾಲು ಹಾಳಾಗಿ ಬಂದ ಸೈನಿಕರಿಗೆ ಆಗಿನ ವೈದ್ಯರು ಹಗುರ ವ್ಯಾಯಾಮ ಹೇಳುತ್ತಿದ್ದರು. ಇವನು ಕಬ್ಬಿಣ ಕಟ್ಟಿಸಿ ಎತ್ತಿಸಿದ, ಏರಿಸುತ್ತ ಹೋದ, 1945ರಲ್ಲಿ ಅದನ್ನು ಪ್ರಕಟಿಸಿದ. ಹತ್ತು ಸಲ ಎತ್ತಬಲ್ಲ ಭಾರದ ಅರ್ಧ, ಮುಕ್ಕಾಲು, ಪೂರ್ತಿ, ಹೀಗೆ ಮೂರು ಸೆಟ್ ಎಂಬ ಕ್ರಮ 1948ಕ್ಕೆ ಖಾಯಂ ಆಯಿತು. ಇವತ್ತು ಜಿಮ್ಮುಗಳಲ್ಲಿ ಯಾರೂ ಯಾಕೆಂದು ಕೇಳದೆ ಮಾಡುವ ‘ಮೂರು ಸೆಟ್ ಹತ್ತು’ ಅಲ್ಲಿಂದಲೇ ಇಳಿದು ಬಂದದ್ದು.

ಭಾರ ಏರಿಳಿಸುವ ಇನ್ನೊಂದು ಲೆಕ್ಕ ಕೊಚ್ಚಿಯಲ್ಲೇ ಇದೆ. ಫೋರ್ಟ್ ಕೊಚ್ಚಿಗೆ ಹೋದವರು ಚೀನಾ ಬಲೆಯ ಫೋಟೋ ತೆಗೆಯುತ್ತಾರೆ, ಅದರ ಹಿಂದಿನ ಕಲ್ಲುಗಳನ್ನು ನೋಡುವುದಿಲ್ಲ. ಬಲೆಯ ತೂಕಕ್ಕೆ ಎದುರಾಗಿ ಉದ್ದ ಗಿಡ್ಡ ಹಗ್ಗಗಳಲ್ಲಿ ಕಲ್ಲು ನೇತುಹಾಕಿರುತ್ತಾರೆ. ನಾಲ್ಕಾರು ಮಂದಿ ಹಗ್ಗ ಜಗ್ಗಿದಂತೆ ಬಲೆ ಮೇಲೆದ್ದು, ಕಲ್ಲುಗಳು ಒಂದೊಂದಾಗಿ ಹಲಗೆಯ ಮೇಲೆ ಕೂರುತ್ತವೆ. ಎದುರು ಭಾರ ಹಂತಹಂತವಾಗಿ ತಗ್ಗುತ್ತದೆ. ಬಲೆ ಯಾವ ಎತ್ತರದಲ್ಲಿದ್ದರೂ ತೂಕ ಸರಿದೂಗಬೇಕಲ್ಲ! ಪವರ್‌ಲಿಫ್ಟರುಗಳು ಬಾರ್‌ಬೆಲ್ಲಿಗೆ ಸರಪಳಿ ಕಟ್ಟುವುದು ಇದರ ಮಗುಚಿದ ಲೆಕ್ಕ. ಸ್ಕ್ವಾಟಿನಲ್ಲಿ ತೀರಾ ಕೆಳಗೆ ಕೂತಾಗ ನಾವು ಅಶಕ್ತರು, ಮೇಲೇಳುತ್ತ ಶಕ್ತರು. ಕೆಳಗಿರುವಾಗ ಸರಪಳಿ ನೆಲದ ಮೇಲೆ ಬಿದ್ದಿರುತ್ತದೆ, ಏಳುತ್ತಿದ್ದಂತೆ ಕೊಂಡಿ ಕೊಂಡಿಯಾಗಿ ನೆಲ ಬಿಟ್ಟು ಭಾರ ಕೂಡುತ್ತದೆ. ಇದನ್ನು ಆಶಾನ್‌ಗೆ ಫೋನಿನಲ್ಲಿ ಹೇಳಿದಾಗ, ಮೀನುಗಾರರಿಗೆ ಪೇಟೆಂಟು ಕೊಡಬೇಕಿತ್ತು ಎಂದು ನಕ್ಕರು.

ಭಾರವನ್ನೇ ಏರಿಸದ ಪದ್ಧತಿಯೂ ಆಶಾನ್ ಊರಲ್ಲಿದೆ. ತಿರುವನಂತಪುರದ ಕಿಳಕ್ಕೇಕೋಟೆಯಲ್ಲಿ 1956ರಿಂದ ಕಳರಿಪಯಟ್ಟು ಕಲಿಸುವ ಸಿ.ವಿ.ಎನ್. ಕಳರಿ ನಡೆಯುತ್ತಿದೆ. ಕಳರಿಯ ಅಂಗಳ ನೆಲಮಟ್ಟದಿಂದ ತಗ್ಗಿನಲ್ಲಿರುತ್ತದೆ. ಸಾಂಪ್ರದಾಯಿಕ ಅಳತೆ 42 ಅಡಿ ಉದ್ದ, 21 ಅಡಿ ಅಗಲ. ಮೈಗೆ ಎಣ್ಣೆ ಹಚ್ಚಿಕೊಂಡ ಹುಡುಗರು ಆನೆ, ಕುದುರೆ, ಸಿಂಹ, ಹಂದಿ ಎಂಬ ಹೆಸರಿನ ವಡಿವುಗಳಲ್ಲಿ, ಅಂದರೆ ಭಂಗಿಗಳಲ್ಲಿ, ನೆಲಕ್ಕೆ ತಾಗುವಷ್ಟು ತಗ್ಗಿ, ಅಲ್ಲಿಂದಲೇ ಹಾರುತ್ತಾರೆ. ಏರುವುದು ಕಿಲೋ ಅಲ್ಲ. ಕೂರುವ ಆಳ, ಕಾಲು ಬೀಸುವ ಎತ್ತರ, ವೇಗ. ತೊಡೆ ಸೊಂಟಗಳಿಗೆ ಬರುವ ಹಿಡಿತ ಅದ್ಭುತ. ತೋಳು ಉಬ್ಬಿಸಬೇಕೆಂದು ಅಲ್ಲಿಗೆ ಹೋದರೆ ಮಾತ್ರ ವಿಳಾಸ ತಪ್ಪಿದ ಹಾಗೆ. ನಮ್ಮ ಆಟಿ ತಿಂಗಳ ಹೊತ್ತಿಗೆ ಬರುವ ಕರ್ಕಾಟಕದಲ್ಲಿ ಕಳರಿಯವರು ಎಣ್ಣೆ ತಿಕ್ಕುವ ಉಳಿಚ್ಚಿಲ್ ಮಾಡುತ್ತಾರೆ. ಮೈಗೆ ಆರೈಕೆಯೂ ಅಲ್ಲಿ ಅಭ್ಯಾಸದ ಭಾಗ. ಜಿಮ್ಮಿನವರಿಗೆ ನಡುನಡುವೆ ಒಂದು ವಾರ ಭಾರ ತಗ್ಗಿಸಿ ಎಂದು ಹೇಳಿ ನೋಡಿ, ಮಾಡಿದ್ದೆಲ್ಲ ಕರಗಿಹೋಗುತ್ತದೆಂದು ಹೆದರುತ್ತಾರೆ.

ಈ ಎಲ್ಲ ಮತಗಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದವರು ಕನ್ನಡದಲ್ಲೇ ಇದ್ದರು. ‘ಶಾಂತಲಾ’, ‘ರೂಪದರ್ಶಿ’ ಬರೆದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸುತ್ತಿದ್ದರು, ಅಂಚೆಯ ಮೂಲಕವೂ ವ್ಯಾಯಾಮ ಪಾಠ ಹೇಳುತ್ತಿದ್ದರು. ಬಾರ್‌ಬೆಲ್ಲೂ ಬೇಕು, ಸೂರ್ಯನಮಸ್ಕಾರವೂ ಬೇಕು, ದಂಡ ಬಸ್ಕಿಯೂ ಬೇಕು ಎಂಬುದು ಅವರ ನಿಲುವು. 1930ರಲ್ಲೇ ಅವರ ‘ಮಸಲ್ ಕಲ್ಟ್’ ಇಂಗ್ಲಿಷಿನಲ್ಲಿ ಬಂದಿತ್ತು. ಕಾದಂಬರಿಕಾರನ ತೋಳು ಅಷ್ಟು ದಪ್ಪವಿದ್ದದ್ದು ನಮ್ಮ ಸಾಹಿತ್ಯಚರಿತ್ರೆಯಲ್ಲಿ ಅದೊಂದೇ ಸಲ ಇರಬೇಕು.

ಊಟದ ವಿಷಯ ಚುಟುಕಾಗಿ ಹೇಳುತ್ತೇನೆ. ದೇಹತೂಕದ ಕಿಲೋಗೆ ದಿನಕ್ಕೆ 1.6 ಗ್ರಾಂ ಪ್ರೋಟೀನು ಸಾಕು, ಅದಕ್ಕಿಂತ ಹೆಚ್ಚು ತಿಂದರೆ ಸ್ನಾಯುವಿಗೆ ಹೇಳಿಕೊಳ್ಳುವ ಲಾಭವಿಲ್ಲ ಎಂದು 2018ರಲ್ಲಿ 49 ಅಧ್ಯಯನಗಳನ್ನು ಕೂಡಿಸಿ ನೋಡಿದವರು ಹೇಳಿದ್ದಾರೆ. 60 ಕಿಲೋದವನಿಗೆ 96 ಗ್ರಾಂ. ಮತ್ತಿ ಮೀನು ತಿನ್ನುವ ಕೊಚ್ಚಿಯವರಿಗೆ ಇದು ಸಲೀಸು. ಪುಟ್ಟು ಕಡಲೆ, ಮೊಸರನ್ನ ನಂಬಿದ ನನ್ನಂಥವರಿಗೆ ಸಾಹಸ. ಡಬ್ಬಿಯ ಪುಡಿ ಮಾರುವವರು ಬದುಕಿರುವುದು ನಮ್ಮಿಂದಲೇ.

ನನ್ನ ತೀರ್ಪು ಕೇಳುವುದಾದರೆ, ನಲವತ್ತು ದಾಟಿದವರು ಆಶಾನ್ ಮತಕ್ಕೆ ಅರ್ಧಕ್ಕಿಂತ ಹೆಚ್ಚು ವಾಲಬೇಕು. ಮುಂದೆ ಮೆಟ್ಟಿಲು ಹತ್ತಿಸುವುದು ತೊಡೆಯ ಬಲ, ತೋಳಿನ ಸುತ್ತಳತೆಯಲ್ಲ. ವಾರಕ್ಕೆ ಮೂರು ದಿನ, ಮೊದಲು ಒಂದೆರಡು ದೊಡ್ಡ ವ್ಯಾಯಾಮ ಐದರ ಲೆಕ್ಕದಲ್ಲಿ, ಉಳಿದದ್ದು ಹತ್ತರಿಂದ ಹದಿನೈದರ ಲೆಕ್ಕದಲ್ಲಿ. ಎತ್ತಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು. ಬೆನ್ನು, ಮಂಡಿ, ಬಿ.ಪಿ. ತೊಂದರೆಯಿದ್ದವರು ಮೊದಲು ಡಾಕ್ಟರರನ್ನು ಕಾಣಲಿ. ಹೊಸದಾಗಿ ಸೇರುವವರು ಮೆಷಿನ್ನು, ಎ.ಸಿ., ಕನ್ನಡಿ ನೋಡಿ ಮರುಳಾಗದೆ ಟ್ರೈನರ್‌ಗೆ ಒಂದೇ ಪ್ರಶ್ನೆ ಕೇಳಿ: ಮುಂದಿನ ತಿಂಗಳು ನಾನು ಎಷ್ಟು ಎತ್ತುತ್ತಿರಬೇಕು? ಉತ್ತರ ಬಾರದಿದ್ದರೆ ಅಲ್ಲಿ ವರ್ಷದ ಫೀಸು ಒಟ್ಟಿಗೆ ಕಟ್ಟಬೇಡಿ.